ಬರ್ತೀನಿ ಅಂದರೆ ವೀಸಾ, ಇರ್ತೀನಿ ಅಂದರೆ ಕೆಲಸ

ಅಮೆರಿಕದ ವಲಸೆ ಕಾಯ್ದೆಯಲ್ಲಿ 214(ಬಿ) ಎಂಬ ಸೆಕ್ಷನ್ ಇದೆ. ವಿದ್ಯಾರ್ಥಿ ವೀಸಾ ಕೇಳಿಕೊಂಡು ಕಿಟಕಿಯ ಮುಂದೆ ನಿಂತವರೆಲ್ಲ ಆ ದೇಶದಲ್ಲೇ ಠಿಕಾಣಿ ಹೂಡಲು ಹೊರಟವರು ಎಂದು ಅದು ಮೊದಲೇ ತೀರ್ಪು ಬರೆದಿಟ್ಟುಕೊಂಡಿರುತ್ತದೆ. ಅಲ್ಲ ಎಂದು ರುಜುವಾತು ಮಾಡುವ ಹೊಣೆ ನಿಂತವನದು. ಆರೋಪ ಸಾಬೀತಾಗುವವರೆಗೆ ನಿರಪರಾಧಿ ಎನ್ನುವ ರಿಯಾಯಿತಿ ಕೊಲೆ ಆರೋಪಿಗೂ ಉಂಟು, ಎಂಎಸ್ ಓದಲು ಹೊರಟ ಹುಡುಗನಿಗೆ ಮಾತ್ರ ಇಲ್ಲ. ಅವನಿಗೆ ಸಿಗುವುದು ಗಾಜಿನಾಚೆ ಕೂತ ಅಧಿಕಾರಿಯ ಎರಡು ಮೂರು ನಿಮಿಷ. ನಲವತ್ತು ಲಕ್ಷ ಸಾಲ ಮಾಡಿ ಓದಲು ಹೋಗುತ್ತಿರುವುದೇ ವಾಪಸ್ ಬಂದು ಬೆಂಗಳೂರಿನ ಸಂಬಳದಲ್ಲಿ ಅದನ್ನು ತೀರಿಸುವ ಪರಮಾನಂದಕ್ಕಾಗಿ ಎಂದು ಅಷ್ಟರಲ್ಲಿ ಆತ ನಂಬಿಸಬೇಕು.

ಹುಡುಗ ಅಂದಲ್ಲೆಲ್ಲ ಹುಡುಗಿ ಎಂದೂ ಓದಿಕೊಳ್ಳಿ. ಶಿಕ್ಷಣ ಸಾಲಕ್ಕೆ ಲಿಂಗಭೇದವಿಲ್ಲ.

ಈ ನಂಬಿಸುವ ವಿದ್ಯೆಯನ್ನು ಕಲಿಸಲೆಂದೇ ಜಯನಗರದಿಂದ ಹುಬ್ಬಳ್ಳಿಯವರೆಗೆ ಕನ್ಸಲ್ಟೆನ್ಸಿಗಳು ಅಂಗಡಿ ತೆರೆದು ಕೂತಿವೆ. ಅಲ್ಲಿ ನಡೆಯುವ ಅಣಕು ಸಂದರ್ಶನವನ್ನು ಒಮ್ಮೆ ನೋಡಬೇಕು.

‘ಕೋರ್ಸ್ ಮುಗಿದ ಮೇಲೆ ಏನ್ ಮಾಡ್ತೀಯ?’

‘ವಾಪಸ್ ಬಂದು ಅಪ್ಪ-ಅಮ್ಮನ ಜೊತೆ ಇರ್ತೀನಿ ಮೇಡಂ.’

‘ಅಯ್ಯೋ, ಅಳೋ ಥರ ಹೇಳಬೇಡಪ್ಪ. ಭಾರತದ ಎಐ ಕ್ಷೇತ್ರಕ್ಕೆ ಕೊಡುಗೆ ಕೊಡ್ತೀನಿ ಅನ್ನು. ನಗ್ತಾ ಅನ್ನು. ಜಾಸ್ತಿ ನಗಬೇಡ, ಸುಳ್ಳು ಅನ್ಕೋತಾರೆ.’

ಬಾಯಿಮಾತಿಗೆ ಬೆಂಬಲವಾಗಿ ಕಾಗದಪತ್ರ. ಅದರಲ್ಲಿ ಮುಖ್ಯವಾದದ್ದು ಅಪ್ಪನ ಆಸ್ತಿಯನ್ನು ಡಾಲರಿನಲ್ಲಿ ತೂಗಿ ಚಾರ್ಟರ್ಡ್ ಅಕೌಂಟೆಂಟ್ ಕೊಡುವ ಸರ್ಟಿಫಿಕೇಟು. ತಿಪಟೂರಿನ ಹತ್ತಿರ ಎರಡು ಎಕರೆ ತೆಂಗಿನ ತೋಟ, ನುಸಿರೋಗ ಬಿದ್ದು ಕಾಯಿ ಹಿಡಿಯುವುದೇ ಅಪರೂಪವಾದದ್ದು. ದೊಡ್ಡಪ್ಪನ ತಕರಾರಿನಿಂದ ಇನ್ನೂ ಪಾಲಾಗದ ಮನೆ. ಅಜ್ಜಿಯ ಅವಲಕ್ಕಿ ಸರ. ಇಷ್ಟೂ ಸೇರಿ ಲೆಟರ್‌ಹೆಡ್ ಮೇಲೆ ಆರಂಕಿಯ ಡಾಲರ್ ಆದದ್ದನ್ನು ನೋಡಿ ಅಪ್ಪ, ‘ನಾವು ಇಷ್ಟೊಂದು ಸಾಹುಕಾರರೇನೇ?’ ಎಂದು ಅಮ್ಮನನ್ನು ಕೇಳಿದರಂತೆ. ಇದೇ ತೋಟ, ಇದೇ ಮನೆ, ಮಗ ಎಂಜಿನಿಯರಿಂಗ್ ಓದುವಾಗ ಫೀಸು ವಿನಾಯಿತಿಗೆಂದು ನಾಡಕಚೇರಿಯಿಂದ ತಂದ ಆದಾಯ ಪ್ರಮಾಣಪತ್ರದಲ್ಲಿ ಹೇಗಿತ್ತು ಎಂಬುದನ್ನು ಇಲ್ಲಿ ಬರೆಯುವುದು ಬೇಡ. ಒಂದೇ ಮಣ್ಣು ಒಂದು ಕಾಗದದಲ್ಲಿ ಬಡವ, ಇನ್ನೊಂದರಲ್ಲಿ ಜಮೀನ್ದಾರ. ಹುಡುಗನ ಉನ್ನತ ಶಿಕ್ಷಣದ ಮೊದಲ ಪಾಠ ಮುಗಿಯಿತು.

2025ರ ಜೂನ್‌ನಿಂದ ಇನ್ನೊಂದು ಪಾಠ ಸೇರಿಕೊಂಡಿದೆ. ವಿದ್ಯಾರ್ಥಿ ವೀಸಾ ಕೇಳುವವರು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನೆಲ್ಲ ಯಾರು ಬೇಕಾದರೂ ನೋಡುವಂತೆ ತೆರೆದಿಡಬೇಕು. ಅಮೆರಿಕದ ಅಧಿಕಾರಿಗಳು ನೋಡಿದರೋ ಇಲ್ಲವೋ, ಅಷ್ಟು ವರ್ಷ ಬ್ಲಾಕ್ ಆಗಿದ್ದ ಚಿಕ್ಕಮ್ಮಂದಿರು ಮಾತ್ರ ತಪ್ಪದೆ ನೋಡಿದರು. ‘ಪ್ರಾಜೆಕ್ಟ್ ವರ್ಕ್’ ಎಂದು ಹೇಳಿ ಹೋಗಿದ್ದ ಗೋವಾ ಪ್ರವಾಸದ ಫೋಟೊಗಳನ್ನು ಅಪ್ಪ ದರ್ಶಿಸಿದ್ದು ಹೀಗೆ. ಒಂದು ದೇಶದ ಭದ್ರತೆಗಾಗಿ ಎಷ್ಟು ಮನೆಗಳ ನೆಮ್ಮದಿ ಹೋಯಿತೋ ಯಾರೂ ಲೆಕ್ಕವಿಟ್ಟಿಲ್ಲ.

ಇಷ್ಟೆಲ್ಲ ಸಜ್ಜಾದ ಮೇಲೆ ಸಂದರ್ಶನ. 2025ರ ಜನವರಿ 17ರಂದು ಬೆಂಗಳೂರಿನಲ್ಲೇ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತು. ಬಹುದಿನದ ಬೇಡಿಕೆ ಈಡೇರಿತೆಂದು ನಮ್ಮ ರಾಜಕಾರಣಿಗಳು ಪರಸ್ಪರ ಅಭಿನಂದಿಸಿಕೊಂಡರು. ಉದ್ಘಾಟನೆ ನಿಜವಾಗಿಯೂ ಆಯಿತು. ವೀಸಾ ಕೊಡುವ ಕಿಟಕಿಯೊಂದು ಮಾತ್ರ ಅಂದು ತೆರೆಯಲಿಲ್ಲ. ಹುಡುಗರು ಎಂದಿನಂತೆ ಚೆನ್ನೈ ರೈಲನ್ನೋ ಹೈದರಾಬಾದ್ ಬಸ್ಸನ್ನೋ ಹತ್ತಿದರು. ಹೈದರಾಬಾದಿನಲ್ಲಿ ಒಂದು ಅನುಕೂಲವಿದೆ: ಊರಾಚೆ ಚಿಲ್ಕೂರಿನಲ್ಲಿ ವೀಸಾ ಬಾಲಾಜಿ ಇದ್ದಾನೆ. ಹರಕೆ ಹೊರುವಾಗ 11 ಸುತ್ತು, ಕೆಲಸ ಆದ ಮೇಲೆ 108. ವಿದ್ಯಾರ್ಥಿಯ ಹೆಸರು ದಾಖಲಿಸುವ ಸೆವಿಸ್ ಶುಲ್ಕ 350 ಡಾಲರ್, ವೀಸಾ ಅರ್ಜಿ ಶುಲ್ಕ 185 ಡಾಲರ್ ಮುಂಗಡವಾಗಿ ಕಿತ್ತುಕೊಂಡು, ವೀಸಾ ನಿರಾಕರಿಸಿದರೂ ಹಿಂದಿರುಗಿಸದ ಸರ್ಕಾರಕ್ಕಿಂತ ಕೆಲಸ ಆದ ಮೇಲೆ ವಸೂಲಿ ಮಾಡುವ ದೇವರೇ ವ್ಯವಹಾರದಲ್ಲಿ ಮೇಲು.

ವೀಸಾ ಸಿಕ್ಕಿತು ಎನ್ನಿ. ಈಗ ಹುಡುಗ ಒಂದು ಅಂಕಿಯಾದ. 2023–24ರಲ್ಲಿ ಅಮೆರಿಕದಲ್ಲಿ ವಿದ್ಯಾರ್ಥಿಗಳೆಂಬ ಲೆಕ್ಕದಲ್ಲಿದ್ದ ಭಾರತೀಯರು 3,31,602. 2008–09ರ ನಂತರ ಮೊದಲ ಸಲ ನಾವು ಚೀನಾವನ್ನು ಹಿಂದಿಕ್ಕಿದೆವು. ಮರುವರ್ಷ 3,63,019. ಪತ್ರಿಕೆಗಳು ‘ಭಾರತವೇ ನಂಬರ್ ಒನ್’ ಎಂದು ಬರೆದವು. ಒಂದು ದೇಶದ ಇಷ್ಟು ಮಕ್ಕಳು ಸಾಲ ಮಾಡಿಕೊಂಡು ಇನ್ನೊಂದು ದೇಶಕ್ಕೆ ಓದಲು ಹೋದದ್ದು ಯಾರಿಗೆ ಹೆಮ್ಮೆ ತರಬೇಕು ಎಂಬ ಪ್ರಶ್ನೆ ಏಳಲಿಲ್ಲ. ಹೆಮ್ಮೆಗೆ ಪ್ರಶ್ನೆ ಕೇಳುವ ಅಭ್ಯಾಸವಿಲ್ಲ.

ಅಮೆರಿಕದವರು ಲೆಕ್ಕದಲ್ಲಿ ನಮ್ಮಷ್ಟು ಭಾವುಕರಲ್ಲ. ವಿದೇಶಿ ವಿದ್ಯಾರ್ಥಿ ಅಲ್ಲಿ ಕಟ್ಟುವ ಫೀಸು, ಕೊಡುವ ಬಾಡಿಗೆ, ತಿನ್ನುವ ಬ್ರೆಡ್ಡು ಎಲ್ಲವೂ ಅವರ ಸರ್ಕಾರಿ ಖಾತೆಯಲ್ಲಿ ‘ಸೇವಾ ರಫ್ತು’. ಹುಡುಗ ಕೆಂಪೇಗೌಡ ನಿಲ್ದಾಣದಿಂದ ಹಾರಿದ, ದುಡ್ಡು ತಿಪಟೂರಿನ ಬ್ಯಾಂಕಿನಿಂದ ಹೋಯಿತು, ಆದರೂ ರಫ್ತು ಮಾಡಿದವರು ಅವರು! ವಿದೇಶಿ ವಿದ್ಯಾರ್ಥಿಗಳ ವಿಷಯ ನೋಡಿಕೊಳ್ಳುವ ಅಲ್ಲಿನ ನಫ್ಸಾ ಸಂಸ್ಥೆಯ ಲೆಕ್ಕದ ಪ್ರಕಾರ 2023–24ರಲ್ಲಿ ಎಲ್ಲ ದೇಶಗಳ ವಿದ್ಯಾರ್ಥಿಗಳೂ ಸೇರಿ ಅಮೆರಿಕದ ಆರ್ಥಿಕತೆಗೆ ಸುರಿದದ್ದು 4,380 ಕೋಟಿ ಡಾಲರ್. ಪಿಎಚ್‌ಡಿಗೆ ಬಂದವರಿಗೆ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಫೀಸು ಬಿಟ್ಟು ಸ್ಟೈಪೆಂಡ್ ಕೊಡುತ್ತವೆ. ಎಂಎಸ್‌ನವನು ಗಿರಾಕಿ. ಗಿರಾಕಿಗೆ ಯಾರೂ ಸ್ಟೈಪೆಂಡ್ ಕೊಡುವುದಿಲ್ಲ, ವಿಶ್ವವಿದ್ಯಾಲಯದ ಹೆಸರಿರುವ ಟೀ ಶರ್ಟ್ ಕೊಡುತ್ತಾರೆ.

ಇಲ್ಲಿಂದ ಹುಡುಗನ ದೇಶಭಕ್ತಿ ಸೆಮಿಸ್ಟರಿಗೆ ತಕ್ಕಂತೆ ಬದಲಾಗತೊಡಗುತ್ತದೆ. ಫೀಸು ಕಟ್ಟುವ ತನಕ ರೂಪಾಯಿ ಗಟ್ಟಿಯಾಗಿರಲಿ ಎಂದು ಬೇಡಿಕೊಳ್ಳುತ್ತಾನೆ. ರಿಸರ್ವ್ ಬ್ಯಾಂಕಿನ ಗವರ್ನರ್ ಮೇಲೆ ಅವನಿಗೆ ಅಪಾರ ಭರವಸೆ. ಕೆಲಸ ಸಿಕ್ಕಿ ಮನೆಗೆ ದುಡ್ಡು ಕಳಿಸುವ ದಿನ ಬಂದೊಡನೆ ಅದೇ ರೂಪಾಯಿ ಇನ್ನೂ ಸ್ವಲ್ಪ ಬೀಳಲಿ ಎಂದು ಕಾಯುತ್ತಾನೆ. ಅಪ್ಪನೂ ಅಷ್ಟೆ. ಮೊದಲು ವಾರ್ತೆಗಳಲ್ಲಿ ಕೊಬ್ಬರಿ ಧಾರಣೆ ಕೇಳುತ್ತಿದ್ದವರು ಈಗ ಡಾಲರ್ ಧಾರಣೆ ಕೇಳುತ್ತಾರೆ.

ಇನ್ನು ಊಟ-ವಸತಿ. ಎರಡು ಬೆಡ್‌ರೂಮಿನ ಮನೆಯಲ್ಲಿ ಐದು ಜನ. ಐದನೆಯವನಿಗೆ ಹಾಲ್. ಪರದೆ ಕಟ್ಟಿ ಅದನ್ನೂ ಕೋಣೆ ಮಾಡಲಾಗಿದೆ. ಬಾಡಿಗೆ ಕಡಿಮೆ, ಉಳಿದ ನಾಲ್ವರು ರಾತ್ರಿ ಎರಡಕ್ಕೆ ಮ್ಯಾಗಿ ಮಾಡುವುದನ್ನು ನೋಡುವ ಅವಕಾಶ ಉಚಿತ. ಪಟೇಲ್ ಬ್ರದರ್ಸ್‌ನಿಂದ ಅಕ್ಕಿ ಮೂಟೆ, ಎಂಟಿಆರ್ ರಸಂ ಪುಡಿ ಬಂದಿದೆ. ಆದರೆ ಒಗ್ಗರಣೆಗೆ ಎಣ್ಣೆ ಕಾಯಿಸಿ ಒಣಮೆಣಸಿನಕಾಯಿ ಬಿಟ್ಟರೆ ಸೂರಿನಲ್ಲಿರುವ ಹೊಗೆ ಅಲಾರಂ ಬಾಯಿ ಬಡಿದುಕೊಳ್ಳುತ್ತದೆ. ಒಬ್ಬ ಒಲೆಯ ಮುಂದೆ, ಇನ್ನೊಬ್ಬ ಕುರ್ಚಿ ಹತ್ತಿ ಅಲಾರಮ್ಮಿಗೆ ಟವೆಲ್ ಬೀಸುತ್ತ. ಒಂದು ತಿಳಿಸಾರಿಗೆ ಇಬ್ಬರು ಎಂಜಿನಿಯರುಗಳು.

ಹಿಂದೆ ಮೈಸೂರಿಗೋ ಬೆಂಗಳೂರಿಗೋ ಓದಲು ಬಂದ ಬಡ ಹುಡುಗರು ವಾರಾನ್ನ ಮಾಡಿಕೊಂಡು ಓದಿದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಆ ಪದ್ಧತಿ ಸತ್ತೇಹೋಯಿತು ಎಂದು ಮರುಗುವವರು ಅಮೆರಿಕದ ಕ್ಯಾಂಪಸ್ಸಿಗೆ ಒಮ್ಮೆ ಹೋಗಿ ಬರಬೇಕು. ಸೋಮವಾರ ಲೈಬ್ರರಿಯ ಮಾಹಿತಿ ಶಿಬಿರದಲ್ಲಿ ಪಿಜ್ಜಾ. ಮಂಗಳವಾರ ಮಾನಸಿಕ ಆರೋಗ್ಯ ಜಾಗೃತಿಯಲ್ಲಿ ಪಿಜ್ಜಾ. ಬುಧವಾರ ಕಡಲಾಮೆ ಉಳಿಸುವವರ ಸಭೆಯಲ್ಲಿ ಪಿಜ್ಜಾ, ಕಡಲನ್ನೇ ನೋಡದ ಹುಡುಗ ಅಲ್ಲಿ ಎರಡು ಸಲ ಸಹಿ ಹಾಕಿದ್ದಾನೆ. ಗುರುವಾರ ಬೈಬಲ್ ಅಧ್ಯಯನ ಬಳಗ, ಶುಕ್ರವಾರ ಕೃಷ್ಣ ಭಕ್ತರ ಕಿಚಡಿ. ಸರ್ವಧರ್ಮ ಸಮನ್ವಯವನ್ನು ಹಸಿವು ಸಾಧಿಸಿದಷ್ಟು ಯಾವ ಸಮ್ಮೇಳನವೂ ಸಾಧಿಸಿಲ್ಲ. ಒಂದೇ ವ್ಯತ್ಯಾಸ: ಆಗಿನ ಮನೆಯವರು ಊಟ ಹಾಕಿ ಓದಿಸಿದರು. ಈಗಿನವರು ಓದಿಗೆ ಸಾವಿರಾರು ಡಾಲರ್ ಎಣಿಸಿಕೊಂಡು ಎರಡು ತುಂಡು ಪಿಜ್ಜಾ ಕೊಡುತ್ತಾರೆ. ಉಂಡವನೂ ‘ಫ್ರೀ’ ಎಂದು ಗೆಳೆಯರಿಗೆ ಮೆಸೇಜು ಹಾಕುತ್ತಾನೆ.

ಖರ್ಚಿಗೆ ಕ್ಯಾಂಪಸ್ಸಿನೊಳಗೆ ದುಡಿಯಬಹುದು. ತರಗತಿಗಳಿರುವಾಗ ವಾರಕ್ಕೆ 20 ಗಂಟೆ, ಅದರಾಚೆ ಒಂದು ಗಂಟೆಯೂ ಕೂಡದು. ಊರಿನಲ್ಲಿ ಉಂಡ ತಟ್ಟೆಯನ್ನು ಎತ್ತದಿದ್ದವನು ಇಲ್ಲಿ ಡೈನಿಂಗ್ ಹಾಲ್‌ನಲ್ಲಿ ಮುನ್ನೂರು ಜನರ ತಟ್ಟೆ ಎತ್ತುತ್ತಾನೆ. ಅಮ್ಮನಿಗೆ ಹೇಳಿರುವುದು, ‘ಯೂನಿವರ್ಸಿಟಿಯಲ್ಲೇ ಕೆಲಸ.’ ಅಮ್ಮ ನೆರೆಮನೆಯವರಿಗೆ ಹೇಳಿರುವುದು, ‘ಯೂನಿವರ್ಸಿಟಿಯಲ್ಲೇ ಲೆಕ್ಚರರ್ ಕೆಲಸ.’ ಪದವಿಗಿಂತ ಬಡ್ತಿ ಮೊದಲು ಬಂತು.

ಇವೆಲ್ಲ ಪೂರ್ವರಂಗ. ಎಂಎಸ್ ಎಂಬ ನಾಟಕದ ಅಸಲಿ ಅಂಕ ಇಂಟರ್ನ್‌ಶಿಪ್. ಮೊದಲ ಸೆಮಿಸ್ಟರಿನ ಪುಸ್ತಕ ಬಿಚ್ಚುವ ಮೊದಲೇ ಮುಂದಿನ ಬೇಸಿಗೆಯ ಬೇಟೆ ಶುರು. ರೆಸ್ಯೂಮೆ ಒಂದೇ ಪುಟ. ಅಪ್ಪನ ಹೆಸರು, ಜಾತಿ, ಹುಟ್ಟಿದ ತಾರೀಖು, ಫೋಟೊ ಒಂದೂ ಬೇಡ. ನಮ್ಮ ಕಡೆಯ ಬಯೋಡೇಟಾದಿಂದ ಇಷ್ಟನ್ನು ತೆಗೆದರೆ ಉಳಿಯುವುದು ಸಹಿ ಮಾತ್ರ. ಹಾಗಾಗಿ ಸಾಧನೆ ಬೆಳೆಸಬೇಕು. ಫೈನಲ್ ಇಯರ್‌ನಲ್ಲಿ ನಾಲ್ವರು ಸೇರಿ ಗಾಂಧಿನಗರದ ಅಂಗಡಿಯಿಂದ ಕೊಂಡು ತಂದ ಪ್ರಾಜೆಕ್ಟು ಇಲ್ಲಿ ‘ತಂಡವೊಂದರ ನೇತೃತ್ವ ವಹಿಸಿ ದಕ್ಷತೆಯನ್ನು ಶೇ 40ರಷ್ಟು ಹೆಚ್ಚಿಸಿದೆ’ ಎಂದಾಗುತ್ತದೆ. ಯಾವುದರ ದಕ್ಷತೆ ಎಂದು ಅಂಗಡಿಯವನಿಗೆ ಗೊತ್ತಿರಬಹುದು.

ಕಂಪನಿಯ ಪೋರ್ಟಲ್ಲು ಮೊದಲು ರೆಸ್ಯೂಮೆ ಹಾಕು ಎನ್ನುತ್ತದೆ. ಹಾಕಿದ ಮೇಲೆ, ಅದರಲ್ಲಿರುವುದನ್ನೆಲ್ಲ ಮತ್ತೊಮ್ಮೆ ಈ ಚೌಕಗಳಲ್ಲಿ ತುಂಬು ಎನ್ನುತ್ತದೆ. ತುಂಬಿದ ಮೇಲೆ ಬರುತ್ತದೆ ಆ ಪ್ರಶ್ನೆ: ‘ನಿಮಗೆ ಈಗ ಅಥವಾ ಮುಂದೆ ವೀಸಾ ಸ್ಪಾನ್ಸರ್‌ಶಿಪ್ ಬೇಕಾಗುತ್ತದೆಯೇ?’ ಹೌದು ಎಂದು ಒತ್ತಿದರೆ ರಾತ್ರಿ ಎರಡು ಗಂಟೆಗೆ, ಮನುಷ್ಯರು ಎದ್ದಿರದ ಹೊತ್ತಿನಲ್ಲಿ, ‘ವಿಷಾದದಿಂದ ತಿಳಿಸುತ್ತೇವೆ’ ಎಂಬ ಪತ್ರ ಬರುತ್ತದೆ. ಯಂತ್ರಕ್ಕೂ ವಿಷಾದ ಕಲಿಸಿದ್ದಾರೆ. ಇಲ್ಲ ಎಂದು ಒತ್ತಿದರೆ ಸುಳ್ಳು. ಚೆನ್ನೈಯ ಕಿಟಕಿಯಲ್ಲಿ ‘ಖಂಡಿತ ವಾಪಸ್ ಬರ್ತೀನಿ’ ಎಂದು ನಂಬಿಸಿದ ಬಾಯಿಯೇ ಇಲ್ಲಿ ‘ಖಂಡಿತ ಇಲ್ಲೇ ಇರ್ತೀನಿ’ ಎಂದು ನಂಬಿಸಬೇಕು. ಮೂರು ವರ್ಷಕ್ಕೆ ಗಂಟುಮೂಟೆ ಕಟ್ಟುವವನ ಮೇಲೆ ಕಂಪನಿ ಏಕೆ ದುಡ್ಡು ಹಾಕೀತು? ಸರ್ಕಾರಕ್ಕೆ ಹೋಗುವವನು ಬೇಕು, ಕಂಪನಿಗೆ ಇರುವವನು ಬೇಕು, ವಿಶ್ವವಿದ್ಯಾಲಯಕ್ಕೆ ಬರುವವನು ಬೇಕು. ಮೂವರಿಗೂ ಒಬ್ಬನೇ ಹುಡುಗ.

ಯಂತ್ರ ಕೈಬಿಟ್ಟಾಗ ಮನುಷ್ಯರು. ಅಲ್ಲಿನ ಕನ್ನಡ ಕೂಟದ ರಾಜ್ಯೋತ್ಸವ ನವೆಂಬರಿನಲ್ಲೇ ಆಗಬೇಕೆಂದೇನಿಲ್ಲ, ಹೈಸ್ಕೂಲಿನ ಸಭಾಂಗಣ ಬಾಡಿಗೆಗೆ ಸಿಕ್ಕಾಗ ಆಗುತ್ತದೆ. ವಿದ್ಯಾರ್ಥಿಗಳು ಕುರ್ಚಿ ಹಾಕಿದರೆ ಟಿಕೆಟ್ ಮಾಫಿ. ದೊಡ್ಡ ಕಂಪನಿಯಲ್ಲಿ ಡೈರೆಕ್ಟರ್ ಆಗಿರುವ ಹಿರಿಯರೊಬ್ಬರು ವೇದಿಕೆಯಿಂದ ‘ಕನ್ನಡ ಉಳಿಯಬೇಕಾದ್ದು ನಿಮ್ಮಂಥ ಯುವಕರಿಂದ’ ಎಂದು ಕರೆ ಕೊಟ್ಟು ಕೆಳಗಿಳಿದು ತಮ್ಮ ಮಕ್ಕಳನ್ನು ಇಂಗ್ಲಿಷಿನಲ್ಲಿ ಊಟಕ್ಕೆ ಕರೆಯುತ್ತಾರೆ. ಬಿಸಿಬೇಳೆ ಬಾತ್ ಬಡಿಸುತ್ತ ನಮ್ಮ ಹುಡುಗ ಹತ್ತಿರ ಸರಿಯುತ್ತಾನೆ.

‘ಯಾವೂರಪ್ಪ?’

‘ತಿಪಟೂರು, ಸರ್.’

‘ಓ, ನಮ್ಮ ಕಡೆಯವನೇ! ಅರಸೀಕೆರೇಲಿ ನಮ್ಮತ್ತೆ ಮನೆ. ನೋಡು, ಇಲ್ಲಿ ನಾವೇ ನಿಮಗೆ ಅಪ್ಪ-ಅಮ್ಮ ಇದ್ದ ಹಾಗೆ. ಏನೇ ಬೇಕಾದ್ರೂ ಸಂಕೋಚ ಪಟ್ಕೋಬೇಡ.’

‘ಸರ್, ನಿಮ್ಮ ಕಂಪನೀಲಿ ಸಮ್ಮರ್ ಇಂಟರ್ನ್‌ಶಿಪ್‌ಗೆ ಒಂದು ರೆಫರಲ್…’

‘ಪೋರ್ಟಲ್‌ನಲ್ಲಿ ಹಾಕ್ಬಿಡು. ಹಾಗೇ ಆ ಟೇಬಲ್‌ಗೆ ಹಪ್ಪಳ ಬಂದಿಲ್ಲ ನೋಡು.’

ಅಂತೂ ಇಂತೂ ಎಲ್ಲೋ ಒಂದು ಇಂಟರ್ನ್‌ಶಿಪ್ ಸಿಕ್ಕಿತು. ಕೆಲಸ ಸಿಕ್ಕ ಮಾತ್ರಕ್ಕೆ ದುಡಿಯುವ ಹಾಗಿಲ್ಲ. ಸಿಪಿಟಿ ಎಂಬ ಅನುಮತಿ ಬೇಕು. ಈ ದುಡಿಮೆ ಪಠ್ಯಕ್ರಮದ ಅವಿಭಾಜ್ಯ ಅಂಗವಾಗಿದ್ದರೆ ಮಾತ್ರ ಸರಿ ಎನ್ನುತ್ತದೆ ನಿಯಮ. ಅವಿಭಾಜ್ಯ ಮಾಡುವ ಸುಲಭೋಪಾಯ ವಿಶ್ವವಿದ್ಯಾಲಯಗಳಿಗೆ ಗೊತ್ತು: ಇಂಟರ್ನ್‌ಶಿಪ್ ಎಂಬ ಹೆಸರಿನದೇ ಒಂದು ಕೋರ್ಸ್ ತೆರೆದು, ಹುಡುಗನನ್ನು ಅದಕ್ಕೆ ಸೇರಿಸಿಕೊಂಡು, ಕ್ರೆಡಿಟ್ಟಿನ ಲೆಕ್ಕದಲ್ಲಿ ಫೀಸು ತೆಗೆದುಕೊಳ್ಳುವುದು. ಒಂದು ಕ್ರೆಡಿಟ್ಟಿಗೆ ಸಾವಿರ ಡಾಲರ್ ದಾಟುವ ಜಾಗಗಳೂ ಇವೆ. ಪಾಠವಿಲ್ಲ, ಪರೀಕ್ಷೆಯಿಲ್ಲ, ಮೇಷ್ಟರು ಇನ್ನೊಂದು ರಾಜ್ಯದಲ್ಲಿ. ಕೊನೆಗೆ ಎರಡು ಪುಟದ ವರದಿ ಕಳಿಸಿದರೆ ‘ತೃಪ್ತಿಕರ’ ಎಂಬ ಗ್ರೇಡ್. ಫೀಸು ಬಂದ ಮೇಲೆ ತೃಪ್ತಿಗೇನು ಕೊರತೆ? ಕೂಲಿಗೆ ಹೋಗುವವನು ಮೇಸ್ತ್ರಿಗೆ ಕಮಿಷನ್ ಕೊಟ್ಟರೆ ನಾವು ಶೋಷಣೆ ಎನ್ನುತ್ತೇವೆ. ವಿಶ್ವವಿದ್ಯಾಲಯಕ್ಕೆ ಕೊಟ್ಟರೆ ಅದು ಕ್ರೆಡಿಟ್.

ಇದರಲ್ಲೊಂದು ಮಿತಿಯೂ ಇದೆ. ಪೂರ್ಣಾವಧಿ ಸಿಪಿಟಿ 12 ತಿಂಗಳು ಮುಟ್ಟಿದರೆ ಓದು ಮುಗಿದ ಮೇಲೆ ಸಿಗುವ ಒಪಿಟಿ ಎಂಬ ತರಬೇತಿಯ ಅವಕಾಶ ಹೋಯಿತು. ಹಾಗಾಗಿ ಜಾಣರು 364 ದಿನ ಕಲಿತು ನಿಲ್ಲಿಸುತ್ತಾರೆ. 365ನೆಯ ದಿನ ಕಲಿತ ವಿದ್ಯೆಯಿಂದ ಹಿಂದಿನದೂ ಮುಂದಿನದೂ ನಷ್ಟ. ಜ್ಞಾನಕ್ಕೆ ಕೊನೆಯಿಲ್ಲ ಎಂದವರಿಗೆ ವಲಸೆ ನಿಯಮ ಗೊತ್ತಿರಲಿಲ್ಲ.

ಇಂಟರ್ನ್‌ಶಿಪ್ಪಿನ ಮೊದಲ ದಿನ ಬ್ಯಾಗು, ಬಾಟಲಿ, ಟೀ ಶರ್ಟ್ ವಿತರಣೆ. ಆಮೇಲೆ ವರ್ತುಲಾಕಾರದಲ್ಲಿ ಕೂರಿಸಿ, ಪ್ರತಿಯೊಬ್ಬರೂ ತಮ್ಮ ಬಗ್ಗೆ ಒಂದು ಮೋಜಿನ ಸಂಗತಿ ಹೇಳಬೇಕು ಎಂದರು. ಒಬ್ಬಳು ವಿಮಾನದಿಂದ ಜಿಗಿದಿದ್ದಳು. ಇನ್ನೊಬ್ಬನ ಮನೆಯಲ್ಲಿ ಹೆಬ್ಬಾವು ಇತ್ತು. ನಮ್ಮ ಹುಡುಗನಿಗೆ ಇಪ್ಪತ್ಮೂರು ವರ್ಷದ ಬದುಕಿನಲ್ಲಿ ಮೋಜೆಂಬುದು ಎಷ್ಟು ತಡಕಿದರೂ ಸಿಗಲಿಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ, ಸಿಇಟಿ ಇಷ್ಟೇ ಸಿಕ್ಕಿದ್ದು. ಕೊನೆಗೆ, ‘ನಮ್ಮೂರು ಉಂಡೆ ಕೊಬ್ಬರಿಗೆ ಹೆಸರುವಾಸಿ’ ಎಂದ. ಎಚ್‌ಆರ್ ಮಹಿಳೆ ಕಣ್ಣರಳಿಸಿ, ‘ವಾವ್, ಎಳನೀರು ನನಗೂ ಇಷ್ಟ!’ ಎಂದಳು. ಎಲ್ಲರೂ ನಕ್ಕರು. ಮೋಜು ಆಯಿತು.

ಸೋಮವಾರ ಬೆಳಿಗ್ಗೆ ಮೀಟಿಂಗಿನಲ್ಲಿ ವಾರಾಂತ್ಯ ಹೇಗಿತ್ತು ಎಂಬ ವಿಚಾರಣೆ. ಒಬ್ಬ ಬೆಟ್ಟ ಹತ್ತಿದ, ಒಬ್ಬಳು ಸರೋವರದಲ್ಲಿ ದೋಣಿ ನಡೆಸಿದಳು. ಬಟ್ಟೆ ಒಗೆದು, ಒಂದು ವಾರಕ್ಕಾಗುವಷ್ಟು ಬೇಳೆ ಬೇಯಿಸಿಟ್ಟು ಮಲಗಿದವನು, ‘ಪ್ರಕೃತಿಯ ಮಧ್ಯೆ ಸ್ವಲ್ಪ ಹೊತ್ತು ಕಳೆದೆ’ ಎನ್ನಲು ಬೇಗ ಕಲಿತ. ಕಿಟಕಿಯಾಚೆ ಒಂದು ಮರ ಇತ್ತು, ಸುಳ್ಳಲ್ಲ.

ಅವನಿಗೆ ಕೊಟ್ಟ ಕೆಲಸ ಒಂದು ಡ್ಯಾಶ್‌ಬೋರ್ಡ್. ಹಿಂದಿನ ಬೇಸಿಗೆಯ ಇಂಟರ್ನ್ ಅದನ್ನು ಶುರು ಮಾಡಿದ್ದ, ಮುಂದಿನ ಬೇಸಿಗೆಯವನು ಮುಗಿಸಬಹುದು. ತೆರೆದು ನೋಡುವವರು ಇನ್ನೂ ನೇಮಕವಾಗಿಲ್ಲ. ಹುಡುಗ ಮಾತ್ರ ಶ್ರದ್ಧೆಯಿಂದ ದುಡಿದ. ಮ್ಯಾನೇಜರನ್ನು ‘ಸರ್’ ಎಂದ. ಹೆಸರು ಹಿಡಿದು ಕರೆ ಎಂದರು. ಹೆಸರಿಗೇ ‘ಸರ್’ ಸೇರಿಸಿದ. ವಾರಕ್ಕೊಮ್ಮೆ ಮ್ಯಾನೇಜರ್ ಅವನನ್ನು ಕೂರಿಸಿಕೊಂಡು ‘ನಿನಗಿಲ್ಲಿ ಖುಷಿಯಾಗಿದೆಯೇ?’ ಎಂದು ಕೇಳುತ್ತಿದ್ದರು. ನಾಲ್ಕು ವರ್ಷ ಎಂಜಿನಿಯರಿಂಗ್ ಕಾಲೇಜಿನಲ್ಲಿ ‘ಹಾಜರಾತಿ ಇದೆಯಾ?’ ಎಂಬುದರ ಹೊರತು ಯಾರೂ ಏನೂ ಕೇಳಿರದ ಹುಡುಗ ಕರಗಿಹೋದ. ಕೊನೆಯ ದಿನ ಅವನ ಪ್ರದರ್ಶನಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು, ಕೇಕು ಕತ್ತರಿಸಿದರು, ಅದ್ಭುತ ಎಂದರು. ಕಾಯಂ ಕೆಲಸದ ಮಾತೆತ್ತಿದಾಗ ಅದೇ ಮ್ಯಾನೇಜರ್ ಅದೇ ನಗುಮುಖದಲ್ಲಿ, ‘ಹೆಡ್‌ಕೌಂಟ್ ಬಂದರೆ ನೀನೇ ಮೊದಲು’ ಎಂದರು. ಹೆಡ್‌ಕೌಂಟ್ ಬರಲಿಲ್ಲ. ಖುಷಿಯ ವಿಚಾರಣೆಗೆ ಬಜೆಟ್ ಬೇಕಿಲ್ಲ, ಕೆಲಸಕ್ಕೆ ಬೇಕು. ಆ ರಾತ್ರಿ ಲಿಂಕ್ಡ್‌ಇನ್‌ನಲ್ಲಿ ‘ಬದುಕನ್ನೇ ಬದಲಿಸಿದ ಹನ್ನೆರಡು ವಾರಗಳು’ ಎಂದು ಬರೆದು ಆ ಟೀ ಶರ್ಟಿನಲ್ಲಿ ನಿಂತ ಫೋಟೊ ಹಾಕಿದ.

ಸಂಬಳ ಬಂದ ಮೇಲೆ ತೆರಿಗೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬುದರ ಅರ್ಥ ಆಗುವುದು ಇಲ್ಲಿ. ತೆರಿಗೆ ಇಲಾಖೆಯ ಪ್ರಕಾರ ಎಫ್-1 ಎಂಬ ವಿದ್ಯಾರ್ಥಿ ವೀಸಾದವನು ಮೊದಲ ಐದು ಕ್ಯಾಲೆಂಡರ್ ವರ್ಷ ಅಲ್ಲಿ ಕಳೆದ ದಿನಗಳು ಲೆಕ್ಕಕ್ಕಿಲ್ಲ. ಲೆಕ್ಕಕ್ಕಿಲ್ಲ ಎಂದು ಅವನೇ 8843 ಎಂಬ ಫಾರಂನಲ್ಲಿ ಬರೆದುಕೊಡಬೇಕು, ಬಿಡಿಗಾಸು ದುಡಿಯದಿದ್ದರೂ ಕೊಡಬೇಕು. ಪಕ್ಕದ ಕಚೇರಿ ವಲಸೆ ಇಲಾಖೆಯದು. ಪದವಿ ಮುಗಿಸಿ ಒಪಿಟಿ ಶುರುವಾದ ದಿನದಿಂದ ಹುಡುಗ ಕೆಲಸವಿಲ್ಲದೆ ಕೂತ ಒಂದೊಂದು ದಿನವನ್ನೂ ಅದು ಎಣಿಸುತ್ತದೆ. 90 ದಿನ ದಾಟಿದರೆ ಗಂಟುಮೂಟೆ. ಒಂದು ಇಲಾಖೆಗೆ ಅವನು ದೇಶದಲ್ಲಿ ಇಲ್ಲವೇ ಇಲ್ಲ, ಇನ್ನೊಂದಕ್ಕೆ ಅವನು ಇರುವುದೇ ತೊಂದರೆ.

ಆ 90 ದಿನಗಳ ಗಡಿಯಾರ ನಿಲ್ಲಿಸುವ ಉದ್ಯಮವೂ ಹುಟ್ಟಿಕೊಂಡಿದೆ. ಮೊದಲ ವರ್ಷದ ಒಪಿಟಿಯಲ್ಲಿ ಸಂಬಳವಿಲ್ಲದೆ ವಾರಕ್ಕೆ 20 ಗಂಟೆ ದುಡಿದರೂ ಅದು ಉದ್ಯೋಗವೇ. ಹೀಗಾಗಿ ಒಬ್ಬ ಸಿಇಒ, ಒಂದು ವೆಬ್‌ಸೈಟು, ಹನ್ನೊಂದು ಸ್ವಯಂಸೇವಕ ಎಂಎಸ್ ಪದವೀಧರರು ಇರುವ ಸ್ಟಾರ್ಟಪ್‌ಗಳು ಎದ್ದಿವೆ. ಸೇವೆ ಅಂದರೆ ಇದು. ಇನ್ನು ಕೆಲವು ಕನ್ಸಲ್ಟೆನ್ಸಿಗಳು ಇಪ್ಪತ್ನಾಲ್ಕರ ಹುಡುಗನಿಗೆ ಎಂಟು ವರ್ಷದ ಅನುಭವ ಬರೆದುಕೊಡುತ್ತವೆ. ಹೈಸ್ಕೂಲಿನ ಬೆಂಚಿನ ಮೇಲೇ ಕ್ಲೌಡ್ ಆರ್ಕಿಟೆಕ್ಟ್ ಆಗಿದ್ದವನು ಎಂದು ತಿಳಿಯಬೇಕು.

ವಿಜ್ಞಾನ, ತಂತ್ರಜ್ಞಾನ ಓದಿದವರಿಗೆ ಒಪಿಟಿಯಲ್ಲಿ ಇನ್ನೂ 24 ತಿಂಗಳು ವಿಸ್ತರಣೆ ಉಂಟು. ಅಷ್ಟರೊಳಗೆ ಎಚ್-1ಬಿ ಎಂಬ ಕೆಲಸದ ವೀಸಾದ ಲಾಟರಿ ಹೊಡೆಯಬೇಕು. ವರ್ಷಕ್ಕೆ 65,000 ವೀಸಾ, ಅಮೆರಿಕದಲ್ಲಿ ಸ್ನಾತಕೋತ್ತರ ಮಾಡಿದವರಿಗೆ ಮೇಲೆ 20,000. ಹೆಸರು ನೋಂದಾಯಿಸುವ ಶುಲ್ಕ 10 ಡಾಲರ್ ಇದ್ದದ್ದು 2025ರಲ್ಲಿ 215 ಆಯಿತು. ಕರ್ನಾಟಕದಲ್ಲಿ ಲಾಟರಿ ನಿಷೇಧವಾದಾಗ ಸಂಸಾರಗಳು ಉಳಿದವು ಎಂದು ನಿಟ್ಟುಸಿರು ಬಿಟ್ಟವರ ಮಕ್ಕಳೇ ಈಗ ಮಾರ್ಚ್ ತಿಂಗಳಲ್ಲಿ ಉಗುರು ಕಚ್ಚುತ್ತ ಕೂರುತ್ತಾರೆ. ಅಂಕಪಟ್ಟಿ, ಚಿನ್ನದ ಪದಕ, ಪ್ರಕಟವಾದ ಪ್ರಬಂಧ ಯಾವುದನ್ನೂ ಆ ಡ್ರಾ ಕೇಳುವುದಿಲ್ಲ. ಹೆಚ್ಚು ಸಂಬಳದ ದರ್ಜೆಯವರಿಗೆ ಹೆಚ್ಚು ಅವಕಾಶ ಎಂಬ ಹೊಸ ನಿಯಮ 2025ರ ಡಿಸೆಂಬರಿನಲ್ಲಿ ಹೊರಬಿತ್ತು. ಅದೃಷ್ಟಕ್ಕೂ ಈಗ ಸಂಬಳದ ಚೀಟಿ ಬೇಕು.

ಎಲ್ಲಕ್ಕೂ ಕಳಶವಿಟ್ಟಂತೆ 2025ರ ಸೆಪ್ಟೆಂಬರ್ 19ರಂದು ಅಧ್ಯಕ್ಷ ಟ್ರಂಪ್ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಎಂದು ಘೋಷಿಸಿದರು. ಅಕ್ಟೋಬರಿನಲ್ಲಿ ವಲಸೆ ಇಲಾಖೆಯ ಸ್ಪಷ್ಟನೆ ಬಂತು: ದೇಶದೊಳಗೇ ಇದ್ದು ವಿದ್ಯಾರ್ಥಿ ವೀಸಾದಿಂದ ಎಚ್-1ಬಿಗೆ ಬದಲಾಗುವವರಿಗೆ ಈ ಶುಲ್ಕವಿಲ್ಲ, ಹೊರಗಿನಿಂದ ಬರುವವರಿಗೆ ಉಂಟು. ಅಂದರೆ, ಓದು ಮುಗಿಸಿ ವಾಪಸ್ ಹೋಗುತ್ತೇನೆಂದು ಹೇಳಿ ಹಾಗೆಯೇ ಹೋದ ಸತ್ಯವಂತ ಮತ್ತೆ ಕೆಲಸಕ್ಕೆ ಬರಬೇಕಾದರೆ ಅವನ ಮೇಲೆ ಒಂದು ಲಕ್ಷ ಡಾಲರ್. ಹೋಗುತ್ತೇನೆಂದು ಹೇಳಿ ಅಲ್ಲೇ ಉಳಿದವನಿಗೆ ಮಾಫಿ. ಹರಿಶ್ಚಂದ್ರನಿಗೆ ವಿಶ್ವಾಮಿತ್ರನೂ ಇಷ್ಟು ನಿಖರವಾದ ದರಪಟ್ಟಿ ಕೊಟ್ಟಿರಲಿಲ್ಲ.

ಊರಿನಲ್ಲಿ ಈ ಎಲ್ಲ ಸಂಕೇತಾಕ್ಷರಗಳನ್ನೂ ಕರತಲಾಮಲಕ ಮಾಡಿಕೊಂಡವರು ಮದುವೆ ಬ್ರೋಕರುಗಳು. ‘ಹುಡುಗ ಒಪಿಟಿಯಲ್ಲಿದ್ದಾನೆ’ ಎಂದರೆ ಹೆಣ್ಣಿನ ಕಡೆಯವರು ಜಾತಕ ಹಿಂತಿರುಗಿಸುತ್ತಾರೆ. ‘ಎಚ್-1ಬಿ ಆಗಿದೆ’ ಎಂದರೆ ಕುಜದೋಷವೂ ಪರಿಹಾರ. ಗುರುಬಲ ನೋಡುತ್ತಿದ್ದ ಜೋಯಿಸರು ಈಗ, ‘ಏಪ್ರಿಲ್ ತನಕ ತಡೆಯಿರಿ, ಲಾಟರಿ ಫಲ ಬರಲಿ’ ಎನ್ನುತ್ತಾರಂತೆ.

ಕೊನೆಗೆ ಜಮಾಖರ್ಚು ನೋಡಿ. ಬ್ಯಾಂಕಿಗೆ ಬಡ್ಡಿ ಬಂತು. ವಿಶ್ವವಿದ್ಯಾಲಯಕ್ಕೆ ಫೀಸು ಬಂತು, ಹುಡುಗ ಬೇರೆಡೆ ದುಡಿದದ್ದಕ್ಕೂ ಬಂತು. ಅಮೆರಿಕಕ್ಕೆ ರಫ್ತು ಆದಾಯ ಬಂತು, ಭಾರತಕ್ಕೆ ನಂಬರ್ ಒನ್ ಪಟ್ಟ ಬಂತು. ಕಂಪನಿಗೆ ಒಂದು ಬೇಸಿಗೆಯ ಅಗ್ಗದ ದುಡಿಮೆ, ಕನ್ನಡ ಕೂಟಕ್ಕೆ ಕುರ್ಚಿ ಹಾಕುವವರು, ಬ್ರೋಕರಿಗೆ ಕಮಿಷನ್. ಇಷ್ಟು ಜನರ ಹೊಟ್ಟೆ ತುಂಬಿಸಿದ ಮೇಲೂ ಲಾಟರಿ ಹೊಡೆಯದ ಹುಡುಗನಿಗೆ ಎರಡು ದಾರಿ. ಮೊದಲನೆಯದು, ಸೇರಿದ ದಿನವೇ ಸಿಪಿಟಿ ಕೊಡುವ ಕಾಲೇಜಿಗೆ ಫೀಸು ಕಟ್ಟಿ ಇನ್ನೊಂದು ಎಂಎಸ್‌ಗೆ ಸೇರುವುದು. ಮೊದಲ ಎಂಎಸ್ ಓದಿಗಾಗಿ ಎಂದಾದರೂ ಹೇಳಿಕೊಳ್ಳಬಹುದಿತ್ತು, ಎರಡನೆಯದಕ್ಕೆ ಆ ಸಂಕೋಚವೂ ಬೇಡ.

ಎರಡನೆಯ ದಾರಿ ಹಿಡಿದವರೇ ಬುದ್ಧಿವಂತರು. ಇಷ್ಟೆಲ್ಲ ಮಾಡಿ ಅವರು ನಿಜವಾಗಿ ಪಾರಂಗತರಾದ ವಿದ್ಯೆ ಡೇಟಾ ಸೈನ್ಸ್ ಅಲ್ಲ. ಯಾವ ಕಿಟಕಿಯಲ್ಲಿ ಯಾವ ಮಾತಾಡಬೇಕು ಎಂಬುದು. ಅದಕ್ಕೆ ಒಳ್ಳೆಯ ಮಾರುಕಟ್ಟೆ ಇದೆ. ‘ಅಮೆರಿಕದಲ್ಲಿ ಇಂಟರ್ನ್‌ಶಿಪ್ ಪಡೆಯುವುದು ಹೇಗೆ?’ ಎಂದು ಇನ್‌ಸ್ಟಾಗ್ರಾಂನಲ್ಲಿ ರೀಲ್ಸ್ ಶುರು ಮಾಡಬೇಕು, ತಿಪಟೂರಿನ ಮುಂದಿನ ಬ್ಯಾಚಿನ ಹುಡುಗರಿಂದ ಅರ್ಧ ಗಂಟೆಯ ಸಲಹೆಗೆ 999 ರೂಪಾಯಿ ಪಡೆಯಬೇಕು. ಎಂಎಸ್ ಪದವಿಯಿಂದ ಖಾತರಿಯಾಗಿ ಸಿಗುವ ಕೆಲಸ ಇದೊಂದೇ. ಯಾವ ದೇಶದ ಸ್ಪಾನ್ಸರ್‌ಶಿಪ್ಪೂ ಇದಕ್ಕೆ ಬೇಕಿಲ್ಲ.